ಎರಡು ಮನೆಯ ಬಾವಿಗೆ ಒಂದೇ ಗರಡಿ

ಜೆಪ್ಪುವಿನ ನಮ್ಮ ಮನೆಗೂ ಪಕ್ಕದ ಬ್ಯಾರಿ ಮುಸ್ಲಿಮರ ಮನೆಗೂ ಇದ್ದದ್ದು ಒಂದೇ ಬಾವಿ. ಎರಡು ಹಿತ್ತಿಲ ನಡುವಿನ ಕೆಂಪುಕಲ್ಲಿನ ಗೋಡೆ ಬಾವಿಯ ತನಕ ಬಂದು, ಅಲ್ಲಿ ಕಮಾನಾಗಿ ಬಾಗಿ, ಬಾವಿಯ ಬಾಯಿಯ ಮೇಲೆಯೇ ಹಾದು ಆಚೆ ಬದಿಗೆ ಇಳಿಯುತ್ತಿತ್ತು. ಅರ್ಧ ಬಾವಿ ನಮಗೆ, ಅರ್ಧ ಅವರಿಗೆ. ನಮ್ಮ ರಾಟೆ ಈಚೆ, ಅವರ ರಾಟೆ ಆಚೆ. ಕಮಾನಿನ ಕೆಳಗಿನ ಸಂದಿನಲ್ಲಿ ನೋಡಿದರೆ ಆಚೆಯವರ ಮುಖ ಕಾಣುತ್ತಿರಲಿಲ್ಲ. ಹಗ್ಗ ಎಳೆಯುವ ಕೈ ಕಾಣುತ್ತಿತ್ತು, ಬಳೆ ಕಾಣುತ್ತಿತ್ತು, ಅಷ್ಟೆ.

ಆ ಸಂದಿನಲ್ಲಿ ನನ್ನ ಅಜ್ಜಿಯೂ ಆ ಮನೆಯ ಯಜಮಾನಿಯೂ ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಮಾತಾಡಿಕೊಂಡು ಬಂದವರು. ಆಕೆಯ ಮಕ್ಕಳು ಕರೆಯುವ ಹಾಗೆ ನಾವೂ ಆಕೆಯನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ನನಗೆ ಮಾತು ಕಲಿಸಿದ್ದು ಈ ಇಬ್ಬರು. ಅವರದ್ದು ತುಳುವಿನ ಮಾತು. ನಾನು ಕನ್ನಡದಲ್ಲಿ ಬರೆಯುವಾಗ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ, ಓದುವವರು ಮನ್ನಿಸಬೇಕು.

"ಎಂತ ಮಾರಾಯ್ತಿ, ಇವತ್ತು ನಿನ್ನ ರಾಟೆಯ ಕೂಗು ಜೋರುಂಟು? ಎಣ್ಣೆ ಮುಗಿಯಿತಾ?" ಎಂದು ಅಜ್ಜಿ ಕೇಳುವುದು.

"ಗಂಡನ ಮಂಡಿಗೆ ತಿಕ್ಕಿ ತಿಕ್ಕಿ ಮುಗಿಯಿತು ಅಕ್ಕಾ. ಮಂಡಿಯೂ ಕೂಗುವುದು ನಿಲ್ಲಲಿಲ್ಲ, ರಾಟೆಯೂ ನಿಲ್ಲಲಿಲ್ಲ" ಎಂದು ಉಮ್ಮ ಹೇಳುವುದು.

ಎರಡು ಮನೆಗೂ ಗರಡಿ ಒಂದೇ. ನೀರಿಗೆ ಬಿದ್ದ ಕೊಡಪಾನವನ್ನು ಮೇಲೆತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಅವರ ಕಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಒಬ್ಬರೇ ಇಳಿಸಿದರೆ ಕೆಲಸವಾಗುತ್ತಿರಲಿಲ್ಲ. ನಮ್ಮ ಕೊಡಪಾನ ಕಮಾನಿನ ನೆರಳಿಗೆ ಸರಿದರೆ ನಮಗೆ ಕಾಣುವುದಿಲ್ಲ; ಆಚೆಯಿಂದ ನೋಡಿದವರು ದಾರಿ ಹೇಳಬೇಕು.

"ಎಡಕ್ಕೆ ಅಕ್ಕಾ, ಇನ್ನೂ ಎಡಕ್ಕೆ... ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ!"

"ನಿನ್ನ ಎಡ ನನಗೆ ಹೇಗೆ ಗೊತ್ತಾಗಬೇಕು? ಬಲ ಅಂತ ಹೇಳು ಮಾರಾಯ್ತಿ!"

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಿದ್ದಾಗ, ಒಂದು ಬೇಸಗೆಯಲ್ಲಿ ಬೆಕ್ಕೊಂದು ಬಾವಿಗೆ ಬಿದ್ದು ಸತ್ತಿತು. ಅದು ಯಾರ ಬೆಕ್ಕೂ ಅಲ್ಲ, ಎರಡೂ ಮನೆಯ ಮೀನು ತಿಂದು ಬೆಳೆದದ್ದು. ಮಣ್ಣಗುಡ್ಡದಲ್ಲಿ ಹೋಟೆಲು ನಡೆಸುತ್ತಿದ್ದ ನನ್ನ ಸೋದರಮಾವ ಈಚೆಯಿಂದ, ಬಂದರಿನಲ್ಲಿ ಅಂಗಡಿಯಿದ್ದ ಉಮ್ಮನ ಗಂಡ ಆಚೆಯಿಂದ ಬಗ್ಗಿ, ಅದೇ ಗರಡಿ ಇಳಿಸಿ ಅದನ್ನು ಎತ್ತಿದರು.

"ಬಂಗುಡೆ ತಿನ್ನುವಾಗ ನಿಮ್ಮ ಬೆಕ್ಕು ಆಗಿತ್ತು ಯಜಮಾನ್ರೇ. ಸತ್ತ ಮೇಲೆ ನಮ್ಮ ಕಡೆ ತೇಲಿ ಬಂದಿದೆ ನೋಡಿ" ಎಂದರು ಉಮ್ಮನ ಗಂಡ.

"ಪಾಲು ಮಾಡುವಾ, ಬ್ಯಾರಿಗಳೇ. ಬಾಲದ ಕಡೆ ನಿಮಗಿರಲಿ."

ಇಬ್ಬರೂ ನಕ್ಕರು. ಅವರು ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಅಂದು ಎರಡೂ ಕಡೆಯಿಂದ ನೀರು ಎತ್ತಿ ಎತ್ತಿ ಚೆಲ್ಲಿದೆವು. ಮುನಿಸಿಪಾಲಿಟಿಯವರು ಬಂದು ಬ್ಲೀಚಿಂಗ್ ಪೌಡರ್ ಹಾಕಿದರು. ಕೆಲವು ದಿನಗಳಲ್ಲಿ ಒರತೆ ತುಂಬಿ ನೀರು ತಿಳಿಯಾಯಿತು. ಅಲ್ಲಿಗೆ ಮುಗಿಯಬೇಕಿತ್ತು.

ಅಜ್ಜಿಗೆ ಮನಸ್ಸು ತಡೆಯಲಿಲ್ಲ. ಭಟ್ಟರಿಂದ ಪುಣ್ಯಾಹದ ನೀರು ತರಿಸಿ, ತುಳಸಿ ಹಾಕಿ, ಒಂದು ಬೆಳಿಗ್ಗೆ ಬಾವಿಗೆ ಬಿಟ್ಟಳು. ಆಚೆ ಮನೆಯಲ್ಲೂ ಅದೇ ಕಥೆ. ಬಣ್ಣ, ವಾಸನೆ ಸರಿಯಾದರೆ ಸಾಕು ಎಂದು ಮಸೀದಿಯ ಮುಸ್ಲಿಯಾರರು ಹೇಳಿದ್ದರಂತೆ. ಉಮ್ಮನಿಗೆ ಸಾಕಾಗಲಿಲ್ಲ. ಹಜ್‌ಗೆ ಹೋಗಿ ಬಂದವರು ಕೊಟ್ಟಿದ್ದ ಜಂಜಂ ನೀರನ್ನು ಹೆರಿಗೆಗೆ, ಸಾವಿಗೆ ಎಂದು ಜೋಪಾನವಾಗಿ ಇಟ್ಟವಳು, ಅದೇ ಹೊತ್ತಿಗೆ ಆ ಸಣ್ಣ ಬಾಟಲಿಯಿಂದ ಸ್ವಲ್ಪ ಬಾವಿಗೆ ಹೊಯ್ದಳು. ಸಂದಿನಲ್ಲಿ ಅಜ್ಜಿಗೆ ಬಾಟಲಿ ಹಿಡಿದ ಕೈ ಕಂಡಿತು. ಉಮ್ಮನಿಗೆ ತುಳಸಿ ಬಿಡುವ ಕೈ ಕಂಡಿತು. ಅಷ್ಟು ವರ್ಷಗಳಲ್ಲಿ ಮಾತಿಲ್ಲದೆ ಹೋದ ಮೊದಲ ಬೆಳಿಗ್ಗೆ ಅದು.

ಮಧ್ಯಾಹ್ನ ಊಟಕ್ಕೆ ಬಂದ ಮಾವನಿಗೆ ಜಂಜಂ ನೀರಿನ ಸುದ್ದಿ ಮುಟ್ಟಿತು. ಅವನು ನೀರಿನ ಲೋಟ ಕೆಳಗಿಟ್ಟ. ಅದಾದ ಮೇಲೆ ಆ ಲೋಟವನ್ನು ಅವನು ಮುಟ್ಟಲೇ ಇಲ್ಲ.

ನಾನು ವಾದಕ್ಕೆ ಕೂತೆ. ಓದುತ್ತಿದ್ದ ವಯಸ್ಸು, ತಿಳಿಸಿ ಹೇಳಿದರೆ ಮನುಷ್ಯ ತಿಳಿದುಕೊಳ್ಳುತ್ತಾನೆ ಎಂದು ನಂಬಿದ್ದ ವಯಸ್ಸು.

"ಎಷ್ಟು ವರ್ಷದ ಹಳೇ ನೀರೋ, ಹುಳ ಆಗಿರ್ಲಿಕ್ಕೂ ಸಾಕು" ಎಂದ ಮಾವ.

"ಬ್ಲೀಚಿಂಗ್ ಹಾಕಿದ ಬಾವಿಯಲ್ಲಿ ಎಂತ ಹುಳ ಮಾವ?"

"ಸರಿ. ಒಂದು ಮಾತು ಕೇಳ್ಬೇಕಿತ್ತಲ್ಲ ಅವರು?"

"ತುಳಸಿ ಹಾಕುವ ಮೊದಲು ನಾವು ಕೇಳಿದೆವಾ?"

"ತುಳಸಿ ಮದ್ದು ಮಾರಾಯ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?"

"ನಾವು ಹಾಕಿದ್ದು ಮದ್ದಿಗಾ? ಶುದ್ಧಕ್ಕಲ್ಲವಾ? ಅವರೂ ಅದಕ್ಕೇ ಹಾಕಿದ್ದು."

ಮಾವನ ಕಾರಣಗಳೆಲ್ಲ ಒಂದೊಂದಾಗಿ ಬಿದ್ದಿದ್ದವು. ನಾನು ಗೆದ್ದೆ ಎಂದುಕೊಂಡೆ. "ನೀನು ಹೇಳುವುದೆಲ್ಲ ಸರಿ" ಎಂದ ಅವನು. "ಆದರೆ ನನಗೆ ಅದು ಸರಿ ಕಾಣುವುದಿಲ್ಲ. ಅಷ್ಟೇ. ಈ ನ್ಯಾಯವನ್ನು ಹೋಗಿ ಅವರಿಗೆ ಹೇಳು."

ಹೋಗಿ ಹೇಳಿದೆ. ಪುಣ್ಯಾಹ ಬಿದ್ದ ಮೇಲೆ ಆ ಮನೆಯಲ್ಲೂ ಬಾವಿಯ ನೀರು ಕುಡಿಯುವುದು ನಿಂತಿತ್ತು. ಉಮ್ಮನ ಗಂಡ ನನ್ನನ್ನು ಜಗಲಿಯಲ್ಲಿ ಕೂರಿಸಿ, ಚಾ ಕೊಡಿಸಿ, ತಾಳ್ಮೆಯಿಂದ ಕೇಳಿದರು.

"ಬೆಕ್ಕಿಗೆ ಅಂತ ಆದ್ರೆ ಅದೇ ದಿನ ಹಾಕ್ಬೇಕಿತ್ತಲ್ಲ?" ಎಂದರು. ಭಟ್ಟರು ಸಿಕ್ಕಿದ್ದೇ ಆಮೇಲೆ ಎಂದೆ. "ಹೌದಾ, ಇರ್ಬಹುದು. ಆದ್ರೆ ನಾವು ಮುಟ್ಟಿ ನೀರು ಎತ್ತಿ ಚೆಲ್ಲಿದ ಮೇಲೆಯೇ ಯಾಕೆ?" ನೀವೂ ಹಾಗೆಯೇ ಹಾಕಿದ್ದಲ್ಲವಾ ಎಂದೆ. ಅವರು ನಕ್ಕರು, ದುಃಖದ ನಗೆ. ತಮ್ಮ ಮಗನನ್ನು ಕರೆಯುವ ಹಾಗೇ ನನ್ನನ್ನು ಕರೆದು ಹೇಳಿದರು: "ನಿನ್ನ ಮಾತಿನಲ್ಲಿ ತಪ್ಪಿಲ್ಲ ಮೋನೆ. ಇದನ್ನು ನಿನ್ನ ಮಾವನಿಗೆ ಹೇಳಬೇಕು ನೀನು."

ಆ ದಿನ ಎರಡು ಹಿತ್ತಿಲ ನಡುವೆ ನಡೆದು ಬರುವಾಗ ಒಂದು ವಿಷಯ ನನಗೆ ಹೊಳೆಯಿತು; ಈಗಲೂ ಅದು ನನ್ನನ್ನು ಬಿಟ್ಟಿಲ್ಲ. ಇವರು ಯೋಚನೆ ಮಾಡಿ ಲೋಟ ಕೆಳಗಿಟ್ಟವರಲ್ಲ. ಕೈ ಮೊದಲು ಇಟ್ಟಿತ್ತು, ಬಾಯಿ ಆಮೇಲೆ ಕಾರಣ ಹುಡುಕಿತು. ಆ ಕಾರಣವನ್ನು ನಾನು ಕಿತ್ತುಹಾಕಿದರೆ ಇನ್ನೊಂದು ಬರುತ್ತದೆ. ಎಲ್ಲವೂ ಮುಗಿದರೂ ಲೋಟ ನೆಲದಲ್ಲೇ ಇರುತ್ತದೆ. ಕಾರಣಗಳ ಹತ್ತಿರ ನಾನು ಜಗಳವಾಡುತ್ತಿದ್ದೆ. ಕೈಯ ಹತ್ತಿರ ಮಾತಾಡುವ ಭಾಷೆ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಊರಿನ ಗಾಳಿಯೂ ಹಾಗೇ ಇತ್ತು ಅನ್ನಿ. ಮಾವನ ಹೋಟೆಲಿನ ಬೆಂಚಿನಲ್ಲಿ, ಬಂದರಿನ ಅಂಗಡಿಯ ಜಗಲಿಯಲ್ಲಿ, "ಅವರು" ಎಂದು ಶುರುವಾಗುವ ಮಾತು ದಿನಾ ಹೆಚ್ಚುತ್ತಿತ್ತು. ಸಿಕ್ಕ ಸಿಟ್ಟಿಗೆ ಅಲ್ಲಿ ಬೇಕಾದಷ್ಟು ಕಾರಣ ಪುಕ್ಕಟೆ ಸಿಗುತ್ತಿತ್ತು.

ನನಗೆ ಉಳಿದಿದ್ದ ಆಸೆ ಅಜ್ಜಿ. ಉಮ್ಮ ಇಲ್ಲದೆ ಅವಳಿಗೆ ಬೆಳಿಗ್ಗೆ ಆಗುತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ನಿಂತು ಸುಮ್ಮನೆ ಕೆಮ್ಮುವುದು, ಆಚೆಯ ರಾಟೆಗೆ ಕಿವಿ ಕೊಡುವುದು, ಒಳಗೆ ಬರುವುದು. ಅವಳ ಮುಂದೆ ಒಂದು ಲೋಟ ಬಾವಿಯ ನೀರು ಇಟ್ಟೆ.

"ನೀವು ಕುಡಿದರೆ ಮಾವನೂ ಕುಡಿಯುತ್ತಾರೆ ಅಜ್ಜಿ."

ಲೋಟ ಎತ್ತಿದಳು. ತುಟಿಯವರೆಗೆ ತಂದಳು. ಅವಳ ಕಣ್ಣಲ್ಲಿ ನೀರು ಬಂತು.

"ಒಳ್ಳೆ ನೀರೇ ಮಗಾ, ನನಗೆ ಗೊತ್ತುಂಟು. ಅವಳು ಕೆಟ್ಟದ್ದು ಹಾಕುವವಳಲ್ಲ. ಆದರೆ ಗಂಟಲಲ್ಲಿ ಇಳಿಯುವುದಿಲ್ಲ."

ನೀರನ್ನು ಮಲ್ಲಿಗೆ ಗಿಡದ ಬುಡಕ್ಕೆ ಹೊಯ್ದಳು.

ಮಳೆಗಾಲ ಮುಗಿಯುವುದರೊಳಗೆ ಎರಡೂ ಮನೆಗೆ ನಳ್ಳಿ ಬಂತು. ಮಾವ ಮೇಸ್ತ್ರಿಯನ್ನು ಕರೆಸಿ ಕಮಾನಿನ ಸಂದನ್ನು ನೀರಿನ ಮಟ್ಟದವರೆಗೂ ಕಲ್ಲು, ಸಿಮೆಂಟಿನಿಂದ ಮುಚ್ಚಿಸಿದ. ಆಚೆಯವರು ತಕರಾರು ಮಾಡಲಿಲ್ಲ. ಗೋಡೆಯ ಅವರ ಮುಖಕ್ಕೆ ಅವರೇ ಸಾರಣೆ ಮಾಡಿಸಿಕೊಂಡರು. ಅದೊಂದರಲ್ಲಿ ಎರಡು ಮನೆಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಬಾವಿಯ ನೀರು ಆಮೇಲೆ ಗಿಡಕ್ಕೆ, ಪಾತ್ರೆಗೆ ಮಾತ್ರ. ಹೀಗೇ ಎರಡು ಮೂರು ವರ್ಷ ಕಳೆದ ಮೇಲೆ ಒಂದು ಸಂಜೆ ಅಜ್ಜಿಯ ತಾಮ್ರದ ಕೊಡಪಾನ ಹಗ್ಗ ಜಾರಿ ಬಿತ್ತು. ಅವಳ ಅಮ್ಮನ ಮನೆಯಿಂದ ಬಂದದ್ದು. ಹೊಸ ಗರಡಿ ತರಿಸುತ್ತೇನೆ ಎಂದ ಮಾವ. "ನೀನು ಹೋಗಿ ಅವಳ ಹತ್ತಿರ ಕೇಳು" ಎಂದು ಅಜ್ಜಿ ನನಗೆ ಮೆಲ್ಲಗೆ ಹೇಳಿದಳು.

ರಸ್ತೆ ಸುತ್ತಿ ಹೋದೆ. ಉಮ್ಮ ನನ್ನನ್ನು ನೋಡಿ ಬಾಗಿಲಲ್ಲೇ ಕೈ ಹಿಡಿದಳು. "ಅಕ್ಕನಿಗೆ ಸೌಖ್ಯ ಉಂಟಾ? ಕೆಮ್ಮು ಕೇಳಿಸ್ತದೆ ನನಗೆ, ಗೋಡೆ ಇದ್ದರೂ ಕೇಳಿಸ್ತದೆ." ಅವಳೇ ಗರಡಿ ತೆಗೆದು ಕೊಟ್ಟಳು. ಓಡುತ್ತಾ ಬಂದೆ ನಾನು. ಏನೋ ಸರಿಯಾಯಿತು ಅನ್ನಿಸಿತ್ತು.

ಅಜ್ಜಿ ಗರಡಿಯನ್ನು ತೆಗೆದುಕೊಂಡು, ಒಂದೊಂದು ಕೊಕ್ಕೆಯನ್ನೂ ಹುಣಸೆಹುಳಿ ಹಾಕಿ ಉಜ್ಜಿ, ನಳ್ಳಿಯ ನೀರಿನಲ್ಲಿ ತೊಳೆದಳು. ಆಮೇಲೆ ಇಳಿಸಲು ಕೊಟ್ಟಳು. ದಾರಿ ಹೇಳುವವರಿಲ್ಲದೆ ತುಂಬ ಹೊತ್ತು ಹಿಡಿಯಿತು, ಕೊಡಪಾನ ಸಿಕ್ಕಿತು.

ಗರಡಿ ವಾಪಸು ಕೊಡಲು ಹೋದಾಗ ಉಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ನೇರ ಅವರ ನಳ್ಳಿಯ ಕೆಳಗೆ ಇಟ್ಟಳು. ನೀರು ಬಿಟ್ಟು, ತಿರುಗಿಸಿ ತಿರುಗಿಸಿ ತೊಳೆಯುತ್ತ, ಅದೇ ಪ್ರೀತಿಯಲ್ಲಿ ಹೇಳಿದಳು: "ಅಕ್ಕನಿಗೆ ಕೆಮ್ಮಿಗೆ ಜೇನು ಕೊಡು ಮೋನೆ. ನಾನು ಹೇಳಿದೆ ಅಂತ ಹೇಳು."

ಮನೆಗೆ ಬಂದೆ. ಅಜ್ಜಿ ಮೆಟ್ಟಿಲಲ್ಲಿ ಕಾಯುತ್ತಿದ್ದಳು.

"ಎಂತ ಹೇಳಿದಳು?"

"ಕೆಮ್ಮಿಗೆ ಜೇನು ತಿನ್ನಬೇಕಂತೆ."

"ಗರಡಿ ತೊಳೆದಳಾ?"

ನಾನು ಚಪ್ಪಲಿ ಬಿಡಲು ಬಗ್ಗಿದೆ.

"ತೊಳೆದಿರ್ತಾಳೆ" ಎಂದಳು ಅಜ್ಜಿ. ಅವಳ ದನಿಯಲ್ಲಿ ಕೋಪ ಇರಲಿಲ್ಲ. "ಅವಳ ಮನಸ್ಸು ನನಗೆ ಗೊತ್ತಿಲ್ಲವಾ?"