ಟೆರೇಸಿನಲ್ಲಿ ಮಾವಿನ ಸಾಸಿನ ಬಂಗುಡೆ

ನಮ್ಮ ಸೊಸೆ ಧಾರವಾಡದವಳು. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ, ಮೀನಿಲ್ಲದೆ ಅನ್ನ ಇಳಿಯದ ನಮ್ಮ ಮಂಗಳೂರಿನವರ ಮನೆಗೆ ಬಂದವಳು. ಮುಂಬಯಿಯ ಸಯನ್ನಿನ ನಮ್ಮ ಸಣ್ಣ ಫ್ಲ್ಯಾಟಿನಲ್ಲಿ ಮೀನು ಹುರಿದ ದಿನ ಅವಳು ತಟ್ಟೆ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸಿಟ್ಟೇನಿಲ್ಲ, ವಾಸನೆ ತಡೆಯುವುದಿಲ್ಲ, ಅಷ್ಟೆ. ಆದರೂ ಮುಚ್ಚಿದ ಬಾಗಿಲು ನೋಡುತ್ತಾ ಉಣ್ಣುವುದು ನನಗೆ ಕಷ್ಟವಾಗುತ್ತಿತ್ತು. ಒಂದು ಭಾನುವಾರವಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಹಾಗೆ ಮಾಡಪ್ಪಾ ಎಂದು ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೆ.

ಉಪಾಯ ಅವಳಿಂದಲೇ ಬಂತು.

“ಅತ್ಯಾರ, ಟೆರೇಸಿನ್ಯಾಗ ಸುಟ್ಟ್ರ ವಾಸನಿ ಗಾಳಿಗೆ ಹೋಗ್ತೈತಿ. ನಾನೂ ನಿಮ್ಮ ಜೋಡಿ ಕುಂಡ್ರತೀನಿ. ಮೀನಿಗೆ ಹಚ್ಚಾಕ ಮಾವಿನಹಣ್ಣಿನ ಸಾಸ್ ನಾನ ಮಾಡ್ತೀನ್ರಿ.”

ಫೋನಿನಲ್ಲಿ ಬಾರ್ಬೆಕ್ಯೂ ನೋಡಿದ್ದಳಂತೆ. ನನಗಾದ ಖುಷಿಗೆ ಮುಚ್ಚಳ ಹಾಕದೆ ಮಿಕ್ಸಿ ಒತ್ತಿಬಿಟ್ಟೆ. ಗೋಡೆಗೆಲ್ಲ ತೆಂಗಿನಕಾಯಿ ಚಟ್ನಿ!

ದೇವರು ದೊಡ್ಡವನು. ಆ ಭಾನುವಾರ ಸಂಕಷ್ಟಿಯೂ ಇರಲಿಲ್ಲ, ಏಕಾದಶಿಯೂ ಇರಲಿಲ್ಲ. ಬಿಲ್ಡಿಂಗಿನ ಸೆಕ್ರೆಟರಿ ತಕರಾರಿಲ್ಲದೆ ಟೆರೇಸಿನ ಬೀಗದ ಕೈ ಕೊಟ್ಟರು. ಮಾವಿನಹಣ್ಣನ್ನು ಮೊದಲು ದೇವರ ಮುಂದಿಟ್ಟು, ಆಮೇಲೆ ಸೊಸೆಯ ಕೈಗೆ ಕೊಟ್ಟೆ. ಅವಳು ಹುಣಸೆರಸ, ಬೆಲ್ಲ, ಬೆಳ್ಳುಳ್ಳಿ, ತವರಿನ ಬ್ಯಾಡಗಿ ಮೆಣಸಿನ ಪುಡಿ ಹಾಕಿ ಕುದಿಸಿದಳು. ಬೆರಳಲ್ಲಿ ನೆಕ್ಕಿ ನೋಡಿದೆ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಕಿವಿಯಲ್ಲಿ ಖಾರ.

ನನ್ನ ಯಜಮಾನರು ಆಯುಷ್ಯವೆಲ್ಲ ಹೋಟೆಲಿನ ಅಡುಗೆಮನೆಯಲ್ಲೇ ಕಳೆದವರು. ನಮ್ಮ ಕಡೆ ಬಂಗುಡೆ ಮೀನಿಗೆ ಗೀರು ಹಾಕಿ, ಮಸಾಲೆ ತುಂಬಿಸಿ, ಹಿಡಿಯಲಿ ಎಂದು ಗಂಟೆಗಟ್ಟಲೆ ಇಡುವುದು ಪದ್ಧತಿ. ಅವರು ಸಾಸನ್ನೂ ಹಾಗೇ ತುಂಬಿಸತೊಡಗಿದರು.

“ಮಾವಾರ, ಅದನ್ನ ಕಡೀಕ ಹಚ್ಚೂದ್ರಿ. ಹಣ್ಣು, ಬೆಲ್ಲ ಐತಿ, ಹೊತ್ತಿಬಿಡ್ತೈತಿ,” ಎಂದಳು ಸೊಸೆ, ಅರ್ಧ ದನಿಯಲ್ಲಿ.

“ಮೀನು ತಿನ್ನದವಳು ನನಗೆ ಮೀನು ಕಲಿಸುವುದಾ ಮಗಾ? ಮಸಾಲೆ ಮೊದಲೇ ಹಿಡಿಯಬೇಕು!”

ನಾನೂ ಹಾಗೇ ಮಾಡುವವಳು, ಮೀನಿನ ತಟ್ಟೆಯನ್ನು ಅವರತ್ತ ಸರಿಸಿದೆ.

ಟೆರೇಸಿನಲ್ಲಿ ಮಗ ಇದ್ದಿಲೊಲೆ ಹೊತ್ತಿಸಿ, ಹಳೆಯ ರಟ್ಟಿನಲ್ಲಿ ಕೆಂಡಕ್ಕೆ ಗಾಳಿ ಹಾಕಿದ. ಮೀನು ಇಟ್ಟದ್ದೇ ತಡ, ಬೆಲ್ಲಕ್ಕೆ ಬೆಂಕಿ ಹತ್ತಿ ಕಪ್ಪು ಹೊಗೆ ಎದ್ದು ನೇರ ಸೊಸೆಯ ಮುಖಕ್ಕೇ ಹೋಯಿತು. ಮೀನು ಹೊರಗೆ ಇದ್ದಿಲು, ಒಳಗೆ ಹಸಿ.

“ಪಪ್ಪಾ, ಯೇ ಕ್ಯಾ ಕರ್ ದಿಯಾ! ಏನು ಮಾಡಿಬಿಟ್ಟಿರಿ!” ಎಂದ ಮಗ.

ಸೊಸೆ ಕೆಮ್ಮುತ್ತಾ ತಟ್ಟೆ ಎತ್ತಿಕೊಂಡಳು. “ನಾ ಕೆಳಗ ಹೋಗ್ತೀನ್ರಿ ಅತ್ಯಾರ. ನೀವು ಉಂಡು ಬರ್ರಿ.”

ಈಗ ಹೋದಳೆಂದರೆ ಇನ್ನೆಂದೂ ಬಂದು ಕೂರುವವಳಲ್ಲ ಎಂದು ನನಗೆ ಗೊತ್ತಾಯಿತು. ಪುಣ್ಯಕ್ಕೆ ಅರ್ಧದಷ್ಟು ಮೀನು ಸಾಸು ತುಂಬದೆ ಬರೀ ಉಪ್ಪು, ಅರಸಿನದಲ್ಲೇ ಇತ್ತು. ಸಾಸೂ ಉಳಿದಿತ್ತು.

“ಇನ್ನು ಅವಳು ಹೇಳಿದ ಹಾಗೆ ಮಾಡಿ,” ಎಂದೆ ಯಜಮಾನರಿಗೆ.

“ಅವಳು ಮೀನು ಮುಟ್ಟುವುದಿಲ್ಲ ಮಾರಾಯ್ತಿ!”

“ಮುಟ್ಟುವುದು ಯಾಕೆ? ಬಾಯಿ ಉಂಟಲ್ಲ!”

ಸೊಸೆ ಹೊಗೆ ಬಾರದ ಕಡೆ, ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ, ದುಪಟ್ಟಾ ಮೂಗಿಗೆ ಹಿಡಿದು ನಿಂತಳು. “ಈಗ ಬ್ಯಾಡ್ರಿ… ಹೊಳ್ಳಸ್ರಿ, ಆ ಮಗ್ಗಲಾನೂ ಸುಡ್ಲಿ… ಮಾವಾರ, ತಡೀರಿ ಅಂದ್ರ! ಹಾಂ, ಈಗ ಹಚ್ರಿ! ಸಾಕ್, ಸಾಕ್, ತಗೀರಿ!”

ಮನೆಗೆ ಬಂದಾಗಿನಿಂದ ಅವಳ ಇಷ್ಟು ದೊಡ್ಡ ದನಿ ನಾವು ಕೇಳಿಯೇ ಇರಲಿಲ್ಲ. ಹೋಟೆಲಿನಲ್ಲಿ ಎಷ್ಟೋ ಅಡುಗೆ ಭಟ್ಟರನ್ನು ಗದರಿಸಿದ ನಮ್ಮ ಯಜಮಾನರು ಸಾಸು ಹಚ್ಚುವ ಬ್ರಶ್ ಹಿಡಿದು ಬಗ್ಗಿ “ಆಯ್ತು ಮಗಾ, ಆಯ್ತು” ಎನ್ನುತ್ತಿದ್ದರು. ನಾನು ನಕ್ಕು ನಕ್ಕು ನಿಲ್ಲಲಾಗದೆ ನೆಲದ ಮೇಲೆ ಕೂತೆ. ಕೆಳಗಿನ ಮಹಡಿಯವರು ಏನಾಯಿತೆಂದು ಕಿಟಕಿಯಿಂದ ತಲೆ ಹಾಕಿದರು.

ಈ ಸಲ ಸಾಸು ಚುರ್ ಎಂದು ಮೀನಿಗೆ ಅಂಟಿ, ಹೊಂಬಣ್ಣಕ್ಕೆ ತಿರುಗಿ ಮಿಂಚಿತು.

ಚಾಪೆ ಹಾಸಿದೆವು. ಬೇರೆ ಬಟ್ಟಲಲ್ಲಿ ತೆಗೆದಿಟ್ಟ ಸಾಸಿಗೆ ಜೋಳದ ರೊಟ್ಟಿ ಅದ್ದಿಕೊಂಡು ಸೊಸೆ ಚಾಪೆಯ ಆ ತುದಿಯಲ್ಲಿ ಕೂತಳು. ನಡುವೆ ಒಂದು ಮಾರು ಜಾಗ ಬಿಟ್ಟಿದ್ದಳು. ಬಿಡಲಿ, ಬಾಗಿಲಂತೂ ಇರಲಿಲ್ಲ. ಯಜಮಾನರು ಇನ್ನೂ ಕೆಂಡದ ಮೇಲಿದ್ದ ಎರಡನೆಯ ಮೀನಿಗೆ ಕೈ ಚಾಚಿ, ಅವಳ ಮುಖ ನೋಡಿದರು.

“ತಗೊಳ್ಳಲಾ ಮಗಾ?”

“ಒಂದ ಮಗ್ಗಲಾ ಇನ್ನೂ ಆಗಿಲ್ರಿ. ತಡೀರಿ.”

ಅವರು ತಟ್ಟೆ ಹಿಡಿದು ಕಾದು ಕೂತರು.