ಕಂಡಕ್ಟರ್ ಜಯಶ್ರೀಯ ಸೂಜಿ

ಹಿರೇಕೆರೂರು–ಹಾವೇರಿ ಬಸ್ಸಿನ ಕಂಡಕ್ಟರ್ ಜಯಶ್ರೀಗೆ ಆಗಾಗ ಕೈ ಬಾತುಕೊಳ್ಳುತ್ತಿತ್ತು. ಗದ್ದಲದ ದಿನ ಕಂಬಿ ಗಟ್ಟಿಯಾಗಿ ಹಿಡಿದು ನಿಂತರೆ ಸಂಜೆಗೆ ಅಂಗೈ ಉಬ್ಬಿ ಬೆರಳು ಮಡಚಲು ಬರುತ್ತಿರಲಿಲ್ಲ. ತುರಿಕೆ ಇಲ್ಲ, ಕೆಂಪಗೂ ಆಗುತ್ತಿರಲಿಲ್ಲ. ಟಿಕೆಟ್ ಮಷಿನ್ನಿನ ಗುಂಡಿಯನ್ನು ಇನ್ನೊಂದು ಕೈಯಿಂದ ಒತ್ತುತ್ತ ಕೆಲಸ ಮುಗಿಸುತ್ತಿದ್ದಳು. ಮೂರ್ನಾಲ್ಕು ದಿನದಲ್ಲಿ ಬಾವು ತಾನಾಗಿಯೇ ಇಳಿಯುತ್ತಿತ್ತು.

ಅವಳ ಊರು ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿ. ಅಪ್ಪ ಗುತ್ತೆಪ್ಪ, ಅವ್ವ ಅಡಿವೆವ್ವ ಗೋವಿನಜೋಳ ಬೆಳೆಯುತ್ತಾರೆ. ತಮ್ಮ ಲೋಹಿತ ಶಿಗ್ಗಾವಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಕಾಲೇಜಿನಲ್ಲಿದ್ದಾಗ ಜಯಶ್ರೀಗೆ ಹೊಟ್ಟೆನೋವು ಬಂದು, ಅಪೆಂಡಿಕ್ಸ್ ಇರಬೇಕೆಂದು ಕೊಯ್ದು ತೆಗೆದಿದ್ದರು. ಗಾಯ ಮಾಯ್ದ ಮೇಲೂ ಅದೇ ನೋವು ಮತ್ತೆ ಬಂತು. ಹೆಣ್ಣು ನೋಡಲು ಬಂದವರ ಎದುರಿಗೆ ಒಮ್ಮೆ ಅವಳ ತುಟಿ ಬಾತು ಒಂದು ಕಡೆ ಜೋತುಬಿತ್ತು. ಸಂಬಂಧ ಅಲ್ಲಿಗೇ ನಿಂತಿತು. ಆಮೇಲೆ ಅವಳು ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದಳು.

ಅಲರ್ಜಿಯ ಗುಳಿಗೆ, ಇಂಜೆಕ್ಷನ್ ಯಾವುದೂ ನಾಟಲಿಲ್ಲ. ಕೊನೆಗೆ ಹಾವೇರಿಯಲ್ಲಿ ಡಾಕ್ಟರ್ ಸಂಪದಾ ಎಂಬವರು ಅವಳ ಕೈಯನ್ನು ಒತ್ತಿ ನೋಡಿ ಬೇರೆ ಪ್ರಶ್ನೆ ಕೇಳಿದರು. ಸಂಪದಾ ಸವಣೂರಿನವರು, ವಯಸ್ಸಿನಲ್ಲಿ ಜಯಶ್ರೀಗಿಂತ ಸ್ವಲ್ಪ ದೊಡ್ಡವರು.

"ನಿಮ್ಮ ಮನ್ಯಾಗ ಮತ್ಯಾರಿಗರೆ ಹಿಂಗ ಆಗಿತ್ತೇನ್ರಿ?"

"ಇಲ್ರಿ," ಎಂದಳು ಜಯಶ್ರೀ. ಆಮೇಲೆ ನೆನಪಾಗಿ, "ನಮ್ಮ ಆಯಿ, ಅವ್ವನ ಅವ್ವ, ರೊಟ್ಟಿ ಬಡ್ಯಾಕತ್ತಿದ್ಲಂತ. ಕುಂತಲ್ಲೇ ಗಂಟಲ ಕಟ್ಟಿ ಸತ್ಲಂತ್ರಿ. ಹುಳ ಮುಟ್ಟಿತ್ತು, ಹಾವು ಕಡದಿತ್ತು ಅಂತಾರ."

"ಹುಳ ಯಾರರೆ ಕಂಡಿದ್ರೇನು?"

ಕಂಡವರು ಯಾರೂ ಇರಲಿಲ್ಲ.

ರಕ್ತ ದೊಡ್ಡ ಊರಿನ ಲ್ಯಾಬಿಗೆ ಹೋಗಿ ಬಂತು. ರೋಗದ ಹೆಸರು ಆನುವಂಶಿಕ ಆಂಜಿಯೋಎಡಿಮಾ. ರಕ್ತದಲ್ಲಿ ಇರಬೇಕಾದ ಒಂದು ಪ್ರೋಟೀನು ಸರಿಯಿಲ್ಲದೆ ರಕ್ತನಾಳದಿಂದ ನೀರು ಸೋರುತ್ತದೆ, ಸೋರಿದ ಕಡೆ ಬಾವು ಬರುತ್ತದೆ. ಇದು ಅಲರ್ಜಿಯಲ್ಲ, ಹಾಗಾಗಿ ಅಲರ್ಜಿಯ ಔಷಧಿ ಕೇಳುವುದಿಲ್ಲ. ಕೈ ಬಾತರೆ ತೊಂದರೆ, ಕರುಳು ಬಾತರೆ ಹೊಟ್ಟೆನೋವು, ಗಂಟಲು ಬಾತರೆ ಜೀವವೇ ಹೋಗಬಹುದು. ತಂದೆ-ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಸಂಪದಾ ಇಷ್ಟು ಹೇಳಿ, ಔಷಧಿ ತುಂಬಿಯೇ ಬರುವ ಒಂದು ಸಿರಿಂಜು ತೋರಿಸಿದರು. ಬಾವು ಶುರುವಾದ ಕೂಡಲೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕು, ಅದೂ ತಾನೇ.

"ಬ್ಯಾರೆದವ್ರು ಚುಚ್ಚಿದ್ರ ನಡ್ಯಂಗಿಲ್ಲೇನ್ರಿ?"

"ನಡೀತದ. ಆದ್ರ ಗಂಟಲ ಬಾತಾಗ ನೀವು ಬಸ್ಸಿನ್ಯಾಗ ಇರ್ತೀರಿ, ನಾ ಇಲ್ಲೆ ಇರ್ತೇನಿ."

ಮುಂದಿನ ಸಲ ಕೈ ಬಾತಾಗ ಜಯಶ್ರೀ ಸಂಪದಾ ಅವರ ಎದುರಿಗೆ ಕುಳಿತು ಹೊಕ್ಕಳಿನ ಪಕ್ಕದ ಚರ್ಮ ಚಿವುಟಿ ಹಿಡಿದಳು. ಸೂಜಿ ಚರ್ಮಕ್ಕೆ ತಾಗಿದ್ದೇ ಕೈ ನಿಂತಿತು. ಮತ್ತೆ ಪ್ರಯತ್ನಿಸಿದಾಗಲೂ ನಿಂತಿತು. "ಕಣ್ಣ ಮುಚ್ಚಬ್ಯಾಡ್ರಿ," ಎಂದರು ಸಂಪದಾ. ಅವಳು ಕಣ್ಣು ತೆರೆದುಕೊಂಡು ಚುಚ್ಚಿ, ಔಷಧಿಯನ್ನು ನಿಧಾನಕ್ಕೆ ಒಳಗೆ ತಳ್ಳಿದಳು. ಖಾರದ ಪುಡಿ ಹಚ್ಚಿದ ಹಾಗೆ ಉರಿಯಿತು. ಸಂಜೆ ಊರಿಗೆ ಹೋಗುವ ಬಸ್ಸಿನಲ್ಲಿ ಬೆರಳು ಮಡಚಿತು.

ಮನೆಯಲ್ಲಿ ವಿಷಯ ಹೇಳಿದಾಗ ಅಡಿವೆವ್ವ ಸಿಟ್ಟಿಗೆದ್ದಳು.

"ನನ್ನಿಂದ ಬಂತಂತೀಯೇನ? ನನಗೇನೂ ಆಗಿಲ್ಲ. ನಾ ರಕ್ತ ಕೊಡಂಗಿಲ್ಲ."

ಲೋಹಿತನೂ ನೋಡೋಣ ಎಂದು ದಿನ ತಳ್ಳಿದ.

ಜಯಶ್ರೀ ಸಿರಿಂಜನ್ನು ಬಿಸಿಲಿನ ಕಾವು ತಾಗದ ಸಣ್ಣ ಚೀಲದಲ್ಲಿಟ್ಟು ಡ್ಯೂಟಿಗೆ ಒಯ್ಯತೊಡಗಿದಳು. ಮುಂದೊಂದು ಸಲ ಹಲ್ಲು ಕೀಳಿಸಿಕೊಂಡಳು. ಇಂಥ ರೋಗದವರಿಗೆ ಹಲ್ಲು ಕಿತ್ತ ಪೆಟ್ಟಿಗೂ ಗಂಟಲಲ್ಲಿ ಬಾವು ಬರಬಹುದು, ಆದರೂ ಅವಳು ಹಲ್ಲಿನ ಡಾಕ್ಟರಿಗೆ ತನ್ನ ರೋಗದ ಮಾತು ಹೇಳಲಿಲ್ಲ. ಮರುದಿನ ಹಿರೇಕೆರೂರಿನ ಸಂತೆ. ಮಧ್ಯಾಹ್ನದ ಬಸ್ಸು ತುಂಬಿತ್ತು. ಹಂಸಭಾವಿ ದಾಟಿದ ಮೇಲೆ "ಮುಂದ ಸರೀರಿ" ಎಂದಾಗ ಅವಳ ದನಿ ಒಡೆದು ಬಂತು. ಉಗುಳು ನುಂಗಲು ಕಷ್ಟವಾಯಿತು.

ಡ್ರೈವರ್ ಸಿರಾಜುದ್ದೀನ ಕನ್ನಡಿಯಲ್ಲಿ ನೋಡಿದ. "ಅಕ್ಕಾ, ದನಿ ಯಾಕ ಹಂಗಾಗೇತಿ?"

ಅವಳು ಗಂಟಲು ಮುಟ್ಟಿ ತೋರಿಸಿದಳು. ಅವನಿಗೆ ರೋಗದ ವಿಷಯ ಗೊತ್ತಿತ್ತು. ಬಸ್ಸನ್ನು ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಿದ. ಜನ ಗೊಣಗಿದರು. ಸಿರಿಂಜು ಕಂಡ ಒಬ್ಬ, "ನಶೆದ ಸೂಜಿ ಏನದು?" ಎಂದ.

"ಔಷಧ ಐತ್ರಿ. ಸುಮ್ನ ಕುಂದರ್ರಿ," ಎಂದ ಸಿರಾಜುದ್ದೀನ.

ಸಂತೆಯಲ್ಲಿ ವೀಳ್ಯದೆಲೆ ಮಾರಿ ಸವಣೂರಿಗೆ ಹೊರಟಿದ್ದ ಗುಲ್ನಾರ ಎಂಬ ಹೆಂಗಸು ಎದ್ದು ತನ್ನ ಚಾದರ ಬಿಚ್ಚಿ ಅಡ್ಡ ಹಿಡಿದಳು. "ಗಂಡಸ್ರು ಆ ಕಡೆ ಮಾರಿ ಮಾಡ್ರಿ. ಮಾಡ್ಕೋ ತಂಗಿ, ನಾ ಹಿಡದೇನಿ."

ಜಯಶ್ರೀ ಖಾಕಿ ಅಂಗಿ ಎತ್ತಿ ಚುಚ್ಚಿಕೊಂಡಳು. ಈ ಸಲ ಕೈ ನಿಲ್ಲಲಿಲ್ಲ. ಹೆದರಿಕೆ ಬಂದದ್ದು ಆಮೇಲೆ. ಖಾಲಿ ಸಿರಿಂಜನ್ನು ಚೀಲಕ್ಕೆ ಹಾಕಿ ಸೀಟಿನಲ್ಲಿ ಕುಳಿತಳು. ಚುಚ್ಚಿಕೊಂಡರೂ ಗಂಟಲಿನ ಬಾವಿಗೆ ಆಸ್ಪತ್ರೆಗೆ ಬರಲೇಬೇಕೆಂದು ಸಂಪದಾ ಹೇಳಿದ್ದರು. ಸಿರಾಜುದ್ದೀನ ನಡುವೆ ಎಲ್ಲಿಯೂ ನಿಲ್ಲಿಸದೆ ಬಸ್ಸನ್ನು ನೇರ ಹಾವೇರಿಯ ಆಸ್ಪತ್ರೆಗೆ ತಂದ. ಇಳಿಯಬೇಕಾದ ಊರು ದಾಟಿ ಬಂದವರೂ ಜಗಳ ತೆಗೆಯಲಿಲ್ಲ. ಸಂಜೆ ಅವಳು ಫೋನಿನಲ್ಲಿ ಅವ್ವನ ಜೊತೆ ತನ್ನದೇ ದನಿಯಲ್ಲಿ ಮಾತಾಡಿದಳು.

ಮರುದಿನ ಅಡಿವೆವ್ವ ಆಸ್ಪತ್ರೆಗೆ ಬಂದು ಮಗಳ ಕಾಲ ಹತ್ತಿರ ಕುಳಿತಳು.

"ನನಗೂ ಬಾವು ಬರ್ತದವಾ," ಎಂದಳು. "ನೀ ಹುಟ್ಟಿದಾಗಿಂದ ಹೊಟ್ಟಿ ಹಿಡ್ಕೊಂಡು ಮಕ್ಕೊಂತೇನಿ. ಮುಟ್ಟಿನ ಬ್ಯಾನಿ ಅಂತ ಹೇಳ್ತಿದ್ದೆ."

"ಯಾಕ ಮುಚ್ಚಿಟ್ಟಿಬೇ?"

"ನಿನಗ ನನ್ನಿಂದನ ಬಂದೇತಿ ಅಂತ ಕೇಳೂದು ಆಗಲಿಲ್ಲ."

ಅಡಿವೆವ್ವ ರಕ್ತ ಕೊಟ್ಟಳು, ಲೋಹಿತನೂ ಕೊಟ್ಟ. ಅವ್ವನಿಗೆ ರೋಗ ಇತ್ತು, ಲೋಹಿತನಿಗೆ ಇರಲಿಲ್ಲ. ಫಲಿತಾಂಶ ಕೇಳಿ ಅವನು ನಗಲಿಲ್ಲ. "ನನ್ನೊಬ್ಬನ್ನಷ್ಟ ಯಾಕ ಬಿಟ್ಟತ್ರಿ ಈ ರೋಗ?" ಎಂದು ಸಂಪದಾ ಅವರನ್ನು ಕೇಳಿದ. ಕಾರಣ ಏನೂ ಇಲ್ಲ ಎಂದರು ಅವರು.

ಮಳೆಗಾಲದಲ್ಲಿ, ಕಳೆ ತೆಗೆಯುವ ದಿನಗಳಲ್ಲಿ ಅಡಿವೆವ್ವನಿಗೆ ಹೊಟ್ಟೆನೋವು ಬಂತು. ಜಯಶ್ರೀಗೆ ಅಂದು ರಜೆ. "ನೀನ ಚುಚ್ಚ," ಎಂದಳು ಅವ್ವ. ಮಗಳು ಸಿರಿಂಜನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಳು. ಅಡಿವೆವ್ವ ಬೈಯುತ್ತ ಬೈಯುತ್ತಲೇ ಚುಚ್ಚಿಕೊಂಡಳು. ಮಧ್ಯಾಹ್ನ ಮಲಗಿ ಎದ್ದು, ಮೊಸರನ್ನ ಕಲಸಿಕೊಂಡು ಉಂಡಳು. ಮರುದಿನ ಹೊಲಕ್ಕೆ ಹೋದಳು.