ಹಿತ್ತಲ ಕೋಣೆಗಳ ಬಾಡಿಗೆ

ನಾರಾಯಣಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ನಮ್ಮ ಓಣಿಯ ಗೋಡೆಗಳಿಗೆಲ್ಲ ಒಮ್ಮೆಲೇ ಗೌರವ ಬಂತು. ಕಚೇರಿಗಳು ಬಂದವು, ನೌಕರರು ಬಂದರು, ಬಾಡಿಗೆ ಏರಿತು. ನಿವೃತ್ತ ಮಾಸ್ತರನಾದ ನಾನೂ ಹಿತ್ತಲ ಕಡೆಯ ಎರಡು ಕೋಣೆಗಳ ಮಾಲೀಕನೆಂಬ ಕಾರಣಕ್ಕೆ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯತೊಡಗಿದೆ.

ಆ ಕೋಣೆಗಳಲ್ಲಿ ಸೀರೆ ನೇಯುವ ಗಂಡ ಹೆಂಡತಿ ಇದ್ದರು. ಮಣ್ಣು ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿದ್ದರು. ಕುಣಿಯಲ್ಲಿ ಕಾಲು ಇಳಿಬಿಟ್ಟೇ ನೇಯಬೇಕು. ಮಕ್ತಲ್‌ನಿಂದ ವರ್ಗವಾಗಿ ಬಂದ ಗುಮಾಸ್ತರೊಬ್ಬರು ಎರಡು ಪಟ್ಟು ಬಾಡಿಗೆಗೆ ಸಿದ್ಧರಾದರು. ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದರೆ ಸಾಕಂತೆ. ನಾನು ರಾಜಾಜ್ಞೆ ಓದುವ ಗಾಂಭೀರ್ಯದಿಂದ ಹಿತ್ತಲಿಗೆ ಹೋಗಿ, ನೀವೂ ಅಷ್ಟು ಬಾಡಿಗೆ ಕೊಡಿ, ಇಲ್ಲವೇ ಮನೆ ಬಿಡಿ ಎಂದೆ.

"ಎಲ್ಲಿಗೆ ಹೋಗೋಣ್ರಿ ಸಾರ್? ಈಗಿನ ಮನಿಯಾಗೆಲ್ಲ ಟೈಲ್ಸ್. ಕುಣಿ ಅಂದ್ರ ಬಾಗಲದಾಗ ನಿಂದ್ರಾಕ ಬಿಡವಲ್ರು" ಎಂದಳು ಹೆಂಡತಿ.

"ಮಗ್ಗದ ಮ್ಯಾಲಿನ ಹಾಸು ಮುಗಿಯೋತನಕ ಇರ್ತೀವ್ರಿ" ಎಂದ ಗಂಡ. ಹಾಸು ಎಂದರೆ ಮಗ್ಗದ ಉದ್ದಕ್ಕೆ ಎಳೆದ ನೂಲು. ಒಪ್ಪಿದೆ. ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ.

ಎರಡು ತಿಂಗಳು ಬಿಟ್ಟು ಮತ್ತೆ ಹಿತ್ತಲಿಗೆ ಹೋದರೆ, ಆಕೆ ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ನೂಲಿನ ತುದಿಗೆ ಹೊಸ ನೂಲಿನ ತುದಿಯನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದಳು.

"ಹಾಸು ಮುಗೀಲಿಲ್ಲೇನಮ್ಮಾ?"

"ನಮ್ಮ ಮಾವನ ಕಾಲದಿಂದ ಮುಗಿದಿಲ್ರಿ. ಒಂದು ತೀರೋ ಮುಂದ ಇನ್ನೊಂದು ಕೂಡಿಸ್ತೀವಿ."

"ಇದು ಮೋಸ."

"ಮೋಸ ಅನಬ್ಯಾಡ್ರಿ. ಮೂರು ವರ್ಷದಿಂದ ನೂಲು ಕೊಟ್ಟು ನೇಯಿಸೋ ಸಾವುಕಾರ್ರು ಸೀರಿ ಕೂಲಿ ಹೆಚ್ಚು ಮಾಡಿಲ್ಲ. ಅವ್ರು ಮಾಡಿದ ದಿನ ನಾವೂ ಕಿರಾಯಿ ಹೆಚ್ಚು ಕೊಡ್ತೀವಿ. ನಿಮ್ಮ ಪಿಂಚಣಿ ಏರಿದಂಗ ನಮ್ಮ ಕೂಲಿ ಏರ್ತೈತೇನ್ರಿ?"

ನನ್ನ ಪಿಂಚಣಿ ಏರುವುದು ಓಣಿಗೆಲ್ಲ ಗೊತ್ತಿತ್ತು. ಪ್ರತಿ ಸಲ ಪೇಡೆ ಹಂಚಿದವನು ನಾನೇ. ಗುಮಾಸ್ತರಿಗೆ ಬೇರೆ ಮನೆ ನೋಡಿಕೊಳ್ಳಲು ಹೇಳಿಕಳಿಸಿದೆ. ಕೂಲಿ ಏರಿದಷ್ಟೇ ಬಾಡಿಗೆ ಏರುವುದೆಂದು ಹಿತ್ತಲಲ್ಲಿ ಒಪ್ಪಂದವಾಯಿತು.

ಒಪ್ಪಂದದ ತೂಕ ತಿಳಿದದ್ದು ಮರುದಿನ. ನನ್ನ ಬಾಡಿಗೆ ಏರಬೇಕಾದರೆ ಮೊದಲು ಅವರ ಕೂಲಿ ಏರಬೇಕು. ಛತ್ರಿ ಹಿಡಿದು ನೇರ ಸಾವುಕಾರರ ಅಂಗಡಿಗೆ ಹೋಗಿ, ಕೂಲಿ ಯಾಕೆ ಹೆಚ್ಚಿಸಿಲ್ಲವೆಂದು ಕೇಳಿದೆ.

"ಮಾಸ್ತರ್ರ, ನೀವು ಯಾವಾಗಿಂದ ನೇಯಾಕ ಹತ್ತೀರಿ?" ಎಂದು ಅವರು ನಕ್ಕರು.

"ನೇಯಂಗಿಲ್ರಿ. ಬಾಡಿಗಿ ತಗೋತೀನಿ" ಎಂದು ಹೇಳಿ, ಅವರ ಗಾದಿಯ ಮೇಲೆ ಕಾಲು ಮಡಚಿ ಕೂತೆ. ಉತ್ತರ ಬರುವ ತನಕ ಏಳುವ ಅವಸರ ನನಗಿರಲಿಲ್ಲ.